ಬಾಗಿಲಲ್ಲಿ ಕಾದಿದ್ದ ಕರೆಂಟು

ವ್ಯಾನಿನ ಸಿಂಕಿನ ಕೆಳಗಿನ ಗೂಡಿನೊಳಗೆ ತಲೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಅಂಗಾತ ಮಲಗಿದ್ದ ಇನ್ಸ್‌ಪೆಕ್ಟರ್‌ಗೆ ಹೊರಗೆ ಕ್ರೇನಿನವನು ಹಾರ್ನ್ ಹೊಡೆದದ್ದು ಕೇಳಿಸಿತು. ಬೆಳಗ್ಗಿನಿಂದ ಅವನು ಹೊಡೆಯುತ್ತಲೇ ಇದ್ದ. ಈ ಸಲ ಆಕೆ ಟಾರ್ಚನ್ನು ಬಾಯಿಂದ ತೆಗೆದು, ಇನ್ನೊಂದು ಸಲ ಆ ಸದ್ದು ಕೇಳಿಸಿದರೆ ಹಾರ್ನನ್ನೇ ಕಿತ್ತು ತಂದು ತನ್ನ ಕೈಗೆ ಕೊಡುವಂತೆ ಕಾನ್‌ಸ್ಟೇಬಲ್‌ಗೆ ಹೇಳಿದಳು. ದನಿ ಏರಿಸಲಿಲ್ಲ. ಠಾಣೆಯಲ್ಲಿ ಬೆನ್ನ ಹಿಂದೆ ಆಕೆಗೆ ಗುಡುಗಮ್ಮ ಅನ್ನುವ ಹೆಸರಿತ್ತು. ಆದರೆ ಆಕೆ ಗುಡುಗುವಾಗ ಯಾರೂ ಅಷ್ಟಾಗಿ ಹೆದರುತ್ತಿರಲಿಲ್ಲ. ಹೀಗೆ ಮೆತ್ತಗೆ ಮಾತಾಡಿದಾಗಲೇ ಹೆದರುತ್ತಿದ್ದರು.

ಹಾರ್ನ್ ನಿಂತಿತು.

ಸಿಂಕಿನ ಕೆಳಗೆ ಏನೂ ಇರಲಿಲ್ಲ. ನೀರಿನ ಪಂಪು, ತುಕ್ಕು ಹಿಡಿದ ಒಂದು ಡಬ್ಬಿ, ನೆಟ್ಟಗೆ ಕ್ಲಿಪ್ ಹಾಕಿ ಕೂರಿಸಿದ ವೈರುಗಳು. ಇಷ್ಟಕ್ಕಾಗಿ ಅರ್ಧ ಗಂಟೆ ಕತ್ತು ನೋಯಿಸಿಕೊಂಡದ್ದಾಯಿತಲ್ಲ ಅಂತ ಆಕೆಗೆ ಮೈಯೆಲ್ಲ ಉರಿಯಿತು.

ಮೊನ್ನೆ ಬೆಳಗ್ಗೆ, ಈ ಕ್ಯಾಂಪರ್ ವ್ಯಾನಿನಲ್ಲೇ ವಾಸವಿದ್ದು ಬಟ್ಟೆ ಹೊಲಿದು ಬದುಕುತ್ತಿದ್ದ ಟೈಲರಮ್ಮ ಇದರ ಬಾಗಿಲಿಗೆ ಕೈ ತಾಗಿಸಿ, ಕರೆಂಟು ಹೊಡೆದು ಸತ್ತಿದ್ದಳು. ಹಳೇ ವ್ಯಾನು, ಹಳೇ ವೈರಿಂಗು, ಗ್ರಹಚಾರ. ಈ ಮೂರು ಮಾತಲ್ಲಿ ಎಲ್ಲರೂ ಕೈ ತೊಳೆದುಕೊಳ್ಳಲು ತಯಾರಾಗಿದ್ದರು. ವ್ಯಾನುಗಳು ತಂಗುವ ಈ ಮೈದಾನದ ಮ್ಯಾನೇಜರಂತೂ ಸತ್ತವಳ ಬಗ್ಗೆ ಒಂದು ಮಾತಾಡುವ ಮೊದಲು, ಬಂದವರೆಲ್ಲ ಜಾಗ ಖಾಲಿ ಮಾಡುತ್ತಿದ್ದಾರೆ, ಈ ವ್ಯಾನನ್ನು ಕಣ್ಣ ಮುಂದಿಂದ ತೆಗೆಸಿ ಅಂತ ಗೋಳಾಡಿದ್ದ. ಗೋಳು ಮೇಲಿನವರ ಕಿವಿಗೂ ಮುಟ್ಟಿತ್ತು. ಮಧ್ಯಾಹ್ನದೊಳಗೆ ವ್ಯಾನು ಗುಜರಿಗೆ ಹೋಗಬೇಕು ಅಂತ ಆದೇಶ ಬಂದಿತ್ತು, ಎಳೆದೊಯ್ಯಲು ಕ್ರೇನೂ ಬಂದಿತ್ತು.

ಗುಜರಿಗೆ ಹೋದರೆ ಅದರ ಜೊತೆ ಇದ್ದಬದ್ದ ಸಾಕ್ಷಿಯೂ ಹೋಯಿತು. ಇನ್ಸ್‌ಪೆಕ್ಟರ್ ಫೋನು ಆಫ್ ಮಾಡಿಟ್ಟು, ಎಲೆಕ್ಟ್ರಿಷಿಯನ್‌ನನ್ನು ಎಲ್ಲಿದ್ದರೂ ಹಿಡಿದು ತರಲು ಜೀಪು ಕಳಿಸಿದ್ದಳು.

ಗೂಡಿನಿಂದ ತಲೆ ಹೊರಗೆ ತೆಗೆದು ಎದ್ದು ಕೂತಾಗ, ತೆರೆದ ಬಾಗಿಲಿನಾಚೆ ಮರದ ಕೆಳಗೆ ಮಡಚುವ ಕುರ್ಚಿಯ ಮೇಲೆ ಕೂತಿದ್ದ ಹೆಂಗಸು ಕಾಣಿಸಿದಳು. ಟೈಲರಮ್ಮನ ಅಕ್ಕ. ಜೀವನಪೂರ್ತಿ ಬಸ್ಸು ಓಡಿಸಿ ನಿವೃತ್ತಳಾದವಳು; ಮೈದಾನದವರಿಗೆಲ್ಲ ಡ್ರೈವರಕ್ಕ. ಅಕ್ಕತಂಗಿ ಇಬ್ಬರೂ ಈ ವ್ಯಾನಿನಲ್ಲೇ ಊರೂರು ಸುತ್ತುತ್ತಿದ್ದರು. ಅಕ್ಕ ಓಡಿಸುವುದು, ತಂಗಿ ಹೊಲಿಯುವುದು. ಸಾವಿನ ಹೊತ್ತಿಗೆ ತಾನು ಚಿಕ್ಕಮ್ಮನ ಮನೆಯಲ್ಲಿದ್ದೆ, ಸುದ್ದಿ ತಿಳಿದು ಬಂದೆ ಅಂತ ಆಕೆ ಹೇಳಿಕೆ ಕೊಟ್ಟಿದ್ದಳು. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅತ್ತಿರಲಿಲ್ಲ. ಬೆಳಗ್ಗಿನಿಂದ ಆ ಕುರ್ಚಿಯಿಂದ ಕದಲದೆ ವ್ಯಾನಿನ ಒಳಗೇ ನೋಡುತ್ತ ಕೂತಿದ್ದಳು, ಯಾರೋ ತನ್ನ ಗಾಡಿಯನ್ನು ಬಿಚ್ಚುತ್ತಿದ್ದರೆ ನೋಡುವ ಹಾಗೆ.

ಜೀಪು ಬಂತು. ಎಲೆಕ್ಟ್ರಿಷಿಯನ್ ಇಳಿದ. ಹೆಗಲಲ್ಲಿ ಸಾಮಾನಿನ ಚೀಲ, ಮುಖದಲ್ಲಿ ಗಂಟು. ಕಳೆದ ಕೆಲವು ವಾರಗಳಿಂದ ಈ ವ್ಯಾನಿನ ಕರೆಂಟು ಹೋಗುವ ಕಾಯಿಲೆಗೆ ಔಷಧಿ ಮಾಡುತ್ತಿದ್ದವನು ಇವನೇ. ಠಾಣೆಯಲ್ಲಿ ಎಲ್ಲ ಹೇಳಿದ್ದೇನೆ, ಮತ್ತೇನು ಅಂತ ಕೇಳಿದ. ಬಾಯಲ್ಲಿ ಹೇಳಿದ್ದು ಸಾಕು, ಈಗ ಕೈಯಲ್ಲಿ ತೋರಿಸಿ ಅಂದಳು ಇನ್ಸ್‌ಪೆಕ್ಟರ್.

ಮೊದಲು ಬ್ಯಾಟರಿ ನೋಡಿದರು. ಸೀಟಿನ ಕೆಳಗಿದ್ದ ಬ್ಯಾಟರಿಯಿಂದ ಚಾವಣಿಯ ದೀಪಗಳು ಉರಿದವು, ಫ್ಯಾನು ತಿರುಗಿತು. ಅಲ್ಲಿ ತಕರಾರಿಲ್ಲ. ಹಾಗಿದ್ದರೆ ಉಳಿದದ್ದು ಹೊರಗಿನ ಕರೆಂಟು. ಮೈದಾನದ ಕಂಬದಲ್ಲಿದ್ದ ಪೆಟ್ಟಿಗೆಗೂ ವ್ಯಾನಿಗೂ ನಡುವೆ ಎಳೆಯುವ ಉದ್ದನೆಯ ಕಪ್ಪು ಕೇಬಲ್ಲು ಠಾಣೆಯಲ್ಲಿ ಚೀಲ ಕಟ್ಟಿಸಿಕೊಂಡು ಕೂತಿತ್ತು. ಅದನ್ನು ಆಕೆ ತರಿಸಿದ್ದಳು. ಅದರ ಜೊತೆ ಅಂಗಡಿಯಿಂದ ಒಂದು ಹೊಸ ಕೇಬಲ್ಲನ್ನೂ ತರಿಸಿದ್ದಳು.

ವ್ಯಾನಿನ ಹತ್ತಿರ ಯಾರೂ ಸುಳಿಯಬಾರದು ಅಂತ ಕಾನ್‌ಸ್ಟೇಬಲ್‌ನನ್ನು ಕಾವಲು ನಿಲ್ಲಿಸಿ, ಮೊದಲು ಹಳೇ ಕೇಬಲ್ಲು ಹಾಕಿಸಿದಳು. ಎಲೆಕ್ಟ್ರಿಷಿಯನ್ ರಬ್ಬರು ಗ್ಲೌಸು ಹಾಕಿಕೊಂಡು, ಮೀಟರಿನ ಒಂದು ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಇನ್ನೊಂದನ್ನು ಬಾಗಿಲ ಹಿಡಿಗೆ ತಾಗಿಸಿದ. ಮೀಟರಿನ ಮುಳ್ಳು ಒಂದೇ ಏಟಿಗೆ ಬಲಗಡೆಗೆ ಹಾರಿತು. ಕಾನ್‌ಸ್ಟೇಬಲ್ ತನಗರಿವಿಲ್ಲದೆ ಹಿಂದೆ ಸರಿದ. ತೊಂದರೆಯಾದರೆ ತಾನಾಗಿ ಬಿದ್ದು ಕರೆಂಟು ಕಡಿಯಬೇಕಾದ ಕಂಬದ ಟ್ರಿಪ್ ಸ್ವಿಚ್ಚು ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಿಂತಿತ್ತು. ವ್ಯಾನಿನೊಳಗೆ ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ನೋಡಿದವರಿಗೆ ಎಲ್ಲ ಸರಿಯಾಗಿಯೇ ಇತ್ತು. ಒಂದೇ ಒಂದು ವ್ಯತ್ಯಾಸ, ವ್ಯಾನಿನ ಇಡೀ ಮೈ ಮುಟ್ಟಿದವರನ್ನು ಕೊಲ್ಲುವಂತಾಗಿತ್ತು.

ಆಮೇಲೆ ಹೊಸ ಕೇಬಲ್ಲು ಹಾಕಿಸಿದಳು. ಸ್ವಿಚ್ಚು ಮೇಲೆತ್ತಿದ ಕೂಡಲೇ ಟಪ್ ಅಂತ ಬಿತ್ತು. ಮತ್ತೆ ಎತ್ತಿದರೆ ಮತ್ತೆ ಬಿತ್ತು.

ಇನ್ಸ್‌ಪೆಕ್ಟರ್ ಕೇಬಲ್ಲುಗಳೆರಡನ್ನೂ ನೋಡುತ್ತ ನಿಂತಳು. ವ್ಯಾನಿನ ಒಳಗೆಲ್ಲೋ ಕರೆಂಟಿನ ವೈರು ಕಬ್ಬಿಣದ ಮೈಗೆ ತಾಗುತ್ತಿದೆ, ಅದೊಂದು ತಪ್ಪು. ಹಾಗೆ ತಾಗಿದಾಗ ಕರೆಂಟನ್ನು ನೆಲಕ್ಕೆ ಇಳಿಸಿ ಸ್ವಿಚ್ಚು ಬೀಳಿಸುವುದಕ್ಕೆಂದೇ ಕೇಬಲ್ಲಿನಲ್ಲಿ ಅರ್ತಿಂಗಿನ ಹಸಿರು ವೈರಿರುತ್ತದೆ. ಹೊಸ ಕೇಬಲ್ಲು ಆ ಕೆಲಸ ಮಾಡಿತು, ಹಳೇದು ಮಾಡಲಿಲ್ಲ. ಅದು ಇನ್ನೊಂದು ತಪ್ಪು. ಒಂದಿದ್ದರೆ ಗ್ರಹಚಾರ ಅನ್ನಬಹುದಿತ್ತು. ಎರಡೂ ಜೊತೆಗೂಡಿ ಒಂದೇ ಬಾಗಿಲಲ್ಲಿ ಕಾದು ಕೂತಿದ್ದರೆ ಅದನ್ನು ಗ್ರಹಚಾರ ಅನ್ನಲು ಆಕೆಗೆ ನಾಲಿಗೆ ಹೊರಳಲಿಲ್ಲ.

ಹಳೇ ಕೇಬಲ್ಲಿನ ಪ್ಲಗ್ ಬಿಚ್ಚಿಸಿದಳು. ಒಳಗೆ ಎರಡು ವೈರುಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಮೂರನೆಯದನ್ನು, ಅದೇ ಹಸಿರು ವೈರನ್ನು, ನೀಟಾಗಿ ಕತ್ತರಿಸಿ ಹಿಂದಕ್ಕೆ ಮಡಚಿದ್ದರು. ತುಕ್ಕಿಲ್ಲ, ಸವೆತವಿಲ್ಲ, ಸುಟ್ಟ ಕಲೆಯಿಲ್ಲ. ಕತ್ತರಿಸಿದ ತುದಿಯ ತಾಮ್ರದ ಎಳೆಗಳು ಅತ್ತಿತ್ತ ಚದುರದ ಹಾಗೆ ಹೊಲಿಗೆಯ ದಾರ ಸುತ್ತಿ ಗಂಟು ಹಾಕಿತ್ತು.

ಎಲೆಕ್ಟ್ರಿಷಿಯನ್ ಆ ತುದಿಯನ್ನು ಕಣ್ಣಿನ ಹತ್ತಿರ ತಂದು ಎರಡೆರಡು ಸಲ ನೋಡಿದ.

ಆಕೆ ಅವನನ್ನು ಏನೂ ಕೇಳಲಿಲ್ಲ. ಮೊದಲು ಒಳಗಿನ ತಪ್ಪು ಎಲ್ಲಿದೆ ಹುಡುಕಿ ಅಂದಳು. ಅವನು ವ್ಯಾನಿನೊಳಗಿನ ಫ್ಯೂಸ್ ಪೆಟ್ಟಿಗೆ ತೆರೆದು ಎಲ್ಲ ಲೈನುಗಳನ್ನೂ ಬಿಡಿಸಿದ. ಆಮೇಲೆ ಒಂದೊಂದಾಗಿ ಸೇರಿಸಿದ. ಫ್ರಿಜ್ಜಿನ ಲೈನು ಸೇರಿಸಿದ, ಸ್ವಿಚ್ಚು ನಿಂತಿತು. ನೀರು ಕಾಯಿಸುವ ಲೈನು, ನಿಂತಿತು. ಚಾರ್ಜರಿನ ಲೈನು, ಅದೂ ನಿಂತಿತು. ಕೊನೆಗೆ ಹೊಲಿಗೆ ಮಶೀನಿನ ಪ್ಲಗ್ಗಿಗೆ ಹೋಗುವ ಲೈನು ತಾಗಿಸಿದ. ಹೊರಗೆ ಕಂಬದಲ್ಲಿ ಟಪ್ ಅಂತ ಸದ್ದಾಯಿತು.

ಮಶೀನು ಬಾಗಿಲಿನಿಂದ ನೋಡಿದರೆ ಕಾಣದ ಮೂಲೆಯಲ್ಲಿ, ಕಿಟಕಿಯ ಪಕ್ಕದಲ್ಲಿತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ಯಾರದೋ ಅಂಗಿಯ ತೋಳು ಹಾಗೇ ಇತ್ತು. ಹಿಂದಿನ ಗೋಡೆಗೆ ತೆಳು ಹಲಗೆ ಹೊಡೆದಿದ್ದರು. ಇನ್ಸ್‌ಪೆಕ್ಟರ್ ಟಾರ್ಚನ್ನು ಅಡ್ಡಡ್ಡ ಹಿಡಿದು ಹಲಗೆಯ ಮೇಲೆ ಆಡಿಸಿದಳು. ಪರದೆಯ ಪಟ್ಟಿಯಿಂದ ಒಂದು ಗೇಣು ಈಚೆಗೆ ಹೊಳೆಯುವ ಸ್ಕ್ರೂವೊಂದರ ತಲೆ ಕಂಡಿತು. ಬೆರಳಿಟ್ಟು ನೋಡಿದಳು. ಅದಕ್ಕೆ ಏನೂ ತಗುಲಿರಲಿಲ್ಲ. ಕೊಕ್ಕೆಯಿಲ್ಲ, ಪಟ್ಟಿಯಿಲ್ಲ, ಶೆಲ್ಫಿಲ್ಲ. ಏನನ್ನೂ ಹಿಡಿದಿಡದ ಸ್ಕ್ರೂ.

ಕಂಬದ ಪ್ಲಗ್ ತೆಗೆಸಿ ಹಲಗೆ ಬಿಚ್ಚಿಸಿದಳು. ಸ್ಕ್ರೂ ಹಲಗೆ ದಾಟಿ, ಹಿಂದೆ ಹಾದುಹೋಗಿದ್ದ ವೈರಿನ ಎದೆ ಸೀಳಿ, ಅದರಾಚೆಗೆ ವ್ಯಾನಿನ ಕಬ್ಬಿಣದ ಚೌಕಟ್ಟಿಗೆ ಕಚ್ಚಿಕೊಂಡಿತ್ತು.

ಇಷ್ಟು ಹೊತ್ತು ಹಲ್ಲು ಕಚ್ಚಿ ತಡೆದಿದ್ದ ಸಿಟ್ಟು ಆಗ ಕಟ್ಟೆ ಒಡೆಯಿತು. ವಾರಗಟ್ಟಲೆ ಆ ಸ್ವಿಚ್ಚು ದಿನಾ ಬಿದ್ದು ಬಿದ್ದು ಹೇಳುತ್ತಿತ್ತು, ಒಳಗೆ ಏನೋ ಸರಿಯಿಲ್ಲ ಅಂತ. ಅದು ಯಾಕೆ ಬೀಳುತ್ತದೆ ಅಂತ ನೋಡುವ ಬದಲು ಯಾರೋ ಅದರ ಬಾಯಿ ಮುಚ್ಚಿಸಿದ್ದರು. ಬಾಯಿ ಮುಚ್ಚಿದ ಮೇಲೆ ಒಬ್ಬಳು ಸತ್ತಿದ್ದಳು. ಅದುವರೆಗೆ ಎಲೆಕ್ಟ್ರಿಷಿಯನ್‌ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ ಇನ್ಸ್‌ಪೆಕ್ಟರ್ ಏಕವಚನಕ್ಕಿಳಿದಳು.

"ಟ್ರಿಪ್ ಆಗ್ತಿದೆ, ಟ್ರಿಪ್ ಆಗ್ತಿದೆ ಅಂತ ಅವರು ಕರೆದು ಕರೆದು ಸಾಕಾಯ್ತು ನಿನಗೆ. ಹಸಿರು ವೈರು ಕತ್ತರಿಸಿದೆ, ಟ್ರಿಪ್ ನಿಂತೋಯ್ತು. ಅಷ್ಟೇ ಅಲ್ವಾ ನೀನು ಮಾಡಿದ ರಿಪೇರಿ?"

"ನಾನಲ್ಲ."

"ಮತ್ತೆ ವೈರು ತಾನೇ ಕತ್ತರಿಸಿಕೊಳ್ತಾ?"

"ನಾನಾಗಿದ್ರೆ ಟೇಪ್ ಸುತ್ತಿರ್ತಿದ್ದೆ. ದಾರ ಯಾರು ಸುತ್ತುತ್ತಾರೆ ಮೇಡಂ?"

"ಟೇಪ್ ಸಿಕ್ಕಿದ್ರೆ ತಾನೂ ಸಿಕ್ಕಿಬೀಳ್ತೀನಿ ಅಂತ ಗೊತ್ತಿದ್ದವನು ಸುತ್ತುತ್ತಾನೆ. ಈ ವ್ಯಾನಿನಲ್ಲಿ ದಾರಕ್ಕೇನು ಬರವಾ?"

ಅವನ ಮುಖ ಕೆಂಪಾಯಿತು. ಇಷ್ಟು ಹೊತ್ತು ತಲೆ ತಗ್ಗಿಸಿದ್ದವನು ಚೀಲವನ್ನು ಧೊಪ್ಪನೆ ನೆಲಕ್ಕೆ ಹಾಕಿ, ಬಿಚ್ಚಿದ ಹಲಗೆಯ ಹಿಂದಿನ ವೈರನ್ನು ಎಳೆದು ಆಕೆಯ ಮೂಗಿನ ಮುಂದೆ ಹಿಡಿದ. ವೈರಿಗೆ ಕಪ್ಪು ಟೇಪು ಸುತ್ತಿತ್ತು. ಬಿಗಿಯಾಗಿ, ಒಂದರ ಮೇಲೊಂದು ಅರ್ಧರ್ಧ ಹೊದ್ದುಕೊಂಡಂತೆ, ಕಸುಬು ಬಲ್ಲವನು ಸುತ್ತಿದ ಟೇಪು. ಅದರ ನಟ್ಟನಡುವೆ ತೂತು.

ಅವನು ಹೇಳಿದ್ದು ಇಷ್ಟು. ಮೊದಲು ಅಲ್ಲಿ ಪರದೆ ಪಟ್ಟಿಯ ಸ್ಕ್ರೂ ಇತ್ತು. ಮಶೀನು ಓಡುವಾಗ ಗೋಡೆ ಅದುರಿ ಆ ಸ್ಕ್ರೂ ವೈರಿಗೆ ತಾಗುತ್ತಿತ್ತು, ಮಶೀನು ನಿಂತರೆ ಬಿಡುತ್ತಿತ್ತು. ಅದಕ್ಕೇ ಕಾಯಿಲೆ ಕೈಗೆ ಸಿಗದೆ ಅಷ್ಟು ದಿನ ಆಟವಾಡಿಸಿತ್ತು. ಅವನು ಮಶೀನಿನ ಪ್ಲಗ್ ಬದಲಾಯಿಸಿದ್ದ, ಬ್ಯಾಟರಿ ತೊಳೆದಿದ್ದ, ಫ್ಯೂಸ್ ಬದಲಾಯಿಸಿದ್ದ, ಯಾವುದಕ್ಕೂ ಬಗ್ಗಲಿಲ್ಲ. ಹೋದ ವಾರ ಹಲಗೆ ಬಿಚ್ಚಿದಾಗ ಕಳ್ಳ ಸಿಕ್ಕಿಬಿದ್ದ. ಸ್ಕ್ರೂ ಕಿತ್ತು, ವೈರಿಗೆ ಟೇಪು ಸುತ್ತಿ, ಪರದೆ ಪಟ್ಟಿಯನ್ನು ಒಂದು ಗೇಣು ಆಚೆಗೆ ಸರಿಸಿ ಕೂರಿಸಿದ್ದ. ಆಮೇಲೆ ಒಂದು ಸಲವೂ ಟ್ರಿಪ್ ಆಗಿರಲಿಲ್ಲ.

"ನನ್ನ ರಿಪೇರಿ ಆದ ಮೇಲೆ ಅದೇ ತೂತಿಗೆ ಯಾರೋ ಇನ್ನೂ ಉದ್ದದ ಸ್ಕ್ರೂ ಹೊಡೆದಿದ್ದಾರೆ. ನನ್ನ ಟೇಪಿನ ಮೇಲೇ ಹೊಡೆದಿದ್ದಾರೆ. ನೀವು ನೋಡಿದ್ರೆ ನನ್ನ ಕುತ್ತಿಗೆ ಹಿಡೀತಿದ್ದೀರಿ."

ಇನ್ಸ್‌ಪೆಕ್ಟರ್ ಟೇಪನ್ನು ಬೆಳಕಿಗೆ ಹಿಡಿದು ನೋಡಿದಳು. ಅವನ ಮಾತು ಸುಳ್ಳಾಗಿರಲಿಲ್ಲ. ಟೇಪಿನ ಮೇಲಿನ ತೂತು ಹೊಸದು, ಕೆಳಗಿನ ಪ್ಲಾಸ್ಟಿಕ್ಕಿನ ಗಾಯ ಹಳೆಯದು. ಅಂದರೆ ಇದು ಮರೆವಲ್ಲ, ಸೋಮಾರಿತನವಲ್ಲ. ಗಾಯ ಎಲ್ಲಿತ್ತು ಅಂತ ಗೊತ್ತಿದ್ದವರು ಬೇಕೆಂದೇ ಅದೇ ಜಾಗಕ್ಕೆ ಮತ್ತೆ ಚುಚ್ಚಿದ್ದರು.

ರಿಪೇರಿ ಮಾಡುವಾಗ ವ್ಯಾನಿನಲ್ಲಿ ಯಾರಿದ್ದರು ಅಂತ ಕೇಳಿದಳು. ಟೈಲರಮ್ಮ ಒಬ್ಬರೇ ಅಂದ. ಮ್ಯಾನೇಜರು ಬಂದಿದ್ದನಾ? ಇಲ್ಲ. ಅಕ್ಕ? ಅವರು ಗಾಡಿಯ ಹೆಚ್ಚುವರಿ ಟೈರಿಗೆ ಗಾಳಿ ತುಂಬಿಸಲು ಹೋಗಿದ್ದರು. ಬೇರೆ ಯಾರಿಗಾದರೂ ಈ ಜಾಗದ ವಿಷಯ ಹೇಳಿದ್ದೀಯಾ? ಯಾರಿಗೂ ಇಲ್ಲ.

ಆಮೇಲೆ ಅವನು ಸ್ವಲ್ಪ ತಡೆದು, ತನಗೂ ಇಷ್ಟವಿಲ್ಲದ ಮಾತನ್ನು ಹೇಳುವಂತೆ ಹೇಳಿದ. ಅವತ್ತು ಟೈಲರಮ್ಮನಿಗೆ ಅವನು ಹಸಿರು ವೈರು ತೋರಿಸಿ, ಇದೊಂದು ಇಲ್ಲದಿದ್ದರೆ ನಿಮ್ಮ ವ್ಯಾನಿನ ಮೈಯೆಲ್ಲ ಕರೆಂಟು ಆಗಿಬಿಡುತ್ತಿತ್ತು, ಇದು ನಿಮ್ಮನ್ನು ಕಾಪಾಡಿದೆ ಅಂದಿದ್ದ. ಆಕೆ ಬಿಡದೆ ಕೇಳಿದಳಂತೆ. ಬಾಗಿಲು ಮುಟ್ಟಿದರೂ ಸಾಕಾ? ಕಾಲು ಒದ್ದೆಯಿದ್ದರೆ? ಎಷ್ಟು ಹೊತ್ತು ಬೇಕು? ಪಾಪ, ಹೆದರಿದ್ದಾರೆ ಅಂದುಕೊಂಡು ಅವನು ಎಲ್ಲ ಬಿಡಿಸಿ ಹೇಳಿದ್ದ.

"ಇದನ್ನ ಠಾಣೆಯಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇದೇ ಆಗ್ತಿತ್ತು. ಈಗ ಆಗ್ತಿರೋದು."

"ಸತ್ತವರ ಬಾಯಿಗೆ ಮಾತು ತುರುಕಬೇಡ," ಅಂದಳು ಇನ್ಸ್‌ಪೆಕ್ಟರ್. ದನಿ ಮತ್ತೆ ಮೆತ್ತಗಾಗಿತ್ತು. "ಈ ಜಾಗ ಗೊತ್ತಿದ್ದವರು ಇಬ್ಬರು. ಅವರಲ್ಲಿ ಒಬ್ಬರು ಸತ್ತಿದ್ದಾರೆ. ಉಳಿದವನು ನೀನು."

ಕಾನ್‌ಸ್ಟೇಬಲ್ ಅವನ ರಟ್ಟೆ ಹಿಡಿದ. ಎಲೆಕ್ಟ್ರಿಷಿಯನ್ ಕೊಸರಿಕೊಂಡು, ಮೈ ಮುಟ್ಟಬೇಡ, ನಾನೇ ನಡೀತೀನಿ ಅಂತ ಗದರಿ, ಬಾಗಿಲು ದಾಟಿ ಹೊರಗೆ ಇಳಿದ. ಇಳಿಯುತ್ತ, ಹತ್ತಾರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನನ್ನ ಕೈಯಿಂದ ಯಾರಿಗೂ ಒಂದು ಚುರುಕೂ ತಾಗಿಲ್ಲ ಅಂತ ಮೈದಾನಕ್ಕೆಲ್ಲ ಕೇಳಿಸುವ ಹಾಗೆ ಹೇಳಿದ. ಹೆದರಿಕೆಗಿಂತ ಅವಮಾನವೇ ಹೆಚ್ಚಾಗಿತ್ತು ಅವನ ದನಿಯಲ್ಲಿ. ದೂರದಲ್ಲಿ ಮ್ಯಾನೇಜರು ಯಾರ ಹತ್ತಿರವೋ, ನೋಡಿದ್ರಾ, ನಮ್ಮ ಕಂಬದ ತಪ್ಪಲ್ಲ ಅಂತ ಹೇಳುತ್ತಿದ್ದ.

ಆಗ ಮಡಚುವ ಕುರ್ಚಿಯಿಂದ ಡ್ರೈವರಕ್ಕ ಎದ್ದಳು. ಅವನನ್ನು ಹತ್ತಿಸಿಕೊಂಡು ಹೊರಟ ಜೀಪಿಗೆ ಅಡ್ಡ ಬಂದು ನಿಂತಳು. ಬಸ್ಸಿನ ಮುಂದೆ ಅಡ್ಡ ಬಂದವರನ್ನು ಎಷ್ಟೋ ಸಲ ನೋಡಿದ್ದವಳು, ಈಗ ತಾನೇ ಹಾಗೆ ನಿಂತಳು.

"ಅವರನ್ನ ಬಿಡಿ. ಅವರು ಏನೂ ಮಾಡಿಲ್ಲ. ಮಾಡಿದ್ದು ನಾನು."

ಜೀಪಿನವನು ಇಂಜಿನ್ ಆಫ್ ಮಾಡಿದ.

ಇನ್ಸ್‌ಪೆಕ್ಟರ್ ಆಕೆಯನ್ನು ಕರೆದುಕೊಂಡು ಬಂದು ವ್ಯಾನಿನೊಳಗೆ, ಹೊಲಿಗೆ ಮಶೀನಿಗೆ ಬೆನ್ನು ಮಾಡಿ ಕೂರಿಸಿದಳು. ಬಿಚ್ಚಿದ ಹಲಗೆ ಅಷ್ಟರಲ್ಲಿ ಮಂಚದ ಕೆಳಗೆ ಸೇರಿತ್ತು; ಗೋಡೆಗೆ ಪರದೆ ಎಳೆದಿತ್ತು. ಬಾಗಿಲು ಹಾಕಿಸಿದಳು. ಅಕ್ಕ ಹೇಳುವುದನ್ನೆಲ್ಲ ಹೇಳಲಿ ಅಂತ ಬಿಟ್ಟಳು. ಡ್ರೈವರಕ್ಕ ಗಟ್ಟಿಯಾಗಿಯೇ ಹೇಳಿದಳು. ಅಕ್ಕತಂಗಿಗೆ ಜಗಳವಿತ್ತು. ಒಂದೇ ಡಬ್ಬಿಯಂಥ ಗಾಡಿಯಲ್ಲಿ ಇಬ್ಬರು ಎಷ್ಟು ದಿನ ಅಂತ ಇರುವುದು. ಸಿಟ್ಟಿನಲ್ಲಿ ಮಾಡಿಬಿಟ್ಟೆ. ಎಲ್ಲಿ ಸಹಿ ಹಾಕಬೇಕೋ ಹೇಳಿ.

"ಸ್ಕ್ರೂ ಹೊಡೆದಿದ್ದೂ ನೀವೇನಾ?"

"ನಾನೇ."

"ಎಲ್ಲಿ ಹೊಡೆದ್ರಿ?"

ಡ್ರೈವರಕ್ಕ ಅರೆಕ್ಷಣವೂ ಯೋಚಿಸಲಿಲ್ಲ. "ಸಿಂಕಿನ ಕೆಳಗೆ. ಆ ಗೂಡಿನೊಳಗೆ."

ಬೆಳಗ್ಗಿನಿಂದ ಆ ಕುರ್ಚಿಯಲ್ಲಿ ಕೂತು ಈಕೆ ನೋಡಿದ್ದು ಅದೊಂದನ್ನೇ, ಸಿಂಕಿನ ಗೂಡಿನೊಳಗೆ ತಲೆ ತೂರಿಸಿದ ಇನ್ಸ್‌ಪೆಕ್ಟರಳ ಎರಡು ಕಾಲುಗಳನ್ನು. ಅಲ್ಲೇ ಸಿಕ್ಕಿತು ಅಂದುಕೊಂಡಿದ್ದಳು. ಕೊಲೆ ಮಾಡಿದೆ ಅನ್ನುವವಳಿಗೆ ಕೊಲೆ ನಡೆದ ಗೋಡೆ ಯಾವುದು ಅಂತಲೇ ಗೊತ್ತಿರಲಿಲ್ಲ.

"ಸಿಂಕಿನ ಕೆಳಗೆ ಏನೂ ಇರಲಿಲ್ಲಮ್ಮ," ಅಂದಳು ಇನ್ಸ್‌ಪೆಕ್ಟರ್. "ಈಗ ಹೇಳಿ. ಯಾರನ್ನ ಕಾಪಾಡೋಕೆ ಹೊರಟಿದ್ದೀರಿ? ಆ ಎಲೆಕ್ಟ್ರಿಷಿಯನ್ನ ಅಂತ ಹೇಳಬೇಡಿ. ಅವನು ನಿಮಗೆ ಏನೂ ಅಲ್ಲ."

ಡ್ರೈವರಕ್ಕನ ಸ್ಟೀರಿಂಗು ಹಿಡಿದು ಹಿಡಿದು ದಪ್ಪಗಾಗಿದ್ದ ಬೆರಳುಗಳು ಮೊಣಕಾಲ ಮೇಲೆ ಒಂದನ್ನೊಂದು ಹಿಂಡಿಕೊಂಡವು. ಆ ಮುಖದಲ್ಲಿ ದುಃಖಕ್ಕಿಂತ ಮುಂಚೆ ಬಂದದ್ದು ಸಿಟ್ಟು. ಮೊನ್ನೆಯಿಂದ ಒಳಗೇ ಕುದಿಯುತ್ತಿದ್ದ ಸಿಟ್ಟು.

"ಸತ್ತವಳನ್ನ," ಅಂದಳು.

ಆಮೇಲೆ ಆಕೆಯನ್ನು ಕೇಳಬೇಕಾಗಲಿಲ್ಲ. ಚಿಕ್ಕಮ್ಮನ ಮನೆಗೆ ಹೋಗಿದ್ದು ನಿಜ. ಹೋಗು ಹೋಗು, ನಾಲ್ಕು ದಿನ ಇದ್ದು ಬಾ ಅಂತ ತಂಗಿಯೇ ಒತ್ತಾಯ ಮಾಡಿ ಕಳಿಸಿದ್ದಳು. ಹೋದ ಮೇಲೆ ನೋಡಿದರೆ ಕನ್ನಡಕ ವ್ಯಾನಿನಲ್ಲೇ ಉಳಿದಿತ್ತು. ಕನ್ನಡಕವಿಲ್ಲದೆ ಬಸ್ಸಿನ ಬೋರ್ಡೂ ಓದಲಾಗದು. ಮಾರನೇ ಬೆಳಗ್ಗೆಯೇ ವಾಪಸ್ಸು ಬಂದಳು, ಹೇಳದೆ ಕೇಳದೆ. ಮೆಟ್ಟಿಲ ಮುಂದೆ ಯಾವಾಗಲೂ ಹಾಸಿರುತ್ತಿದ್ದ ರಬ್ಬರಿನ ಮ್ಯಾಟು ಸುತ್ತಿ ಪಕ್ಕಕ್ಕಿಟ್ಟಿತ್ತು. ನೆಲಕ್ಕೆ ಯಾರೋ ಬಕೆಟ್ಟುಗಟ್ಟಲೆ ನೀರು ಸುರಿದಿದ್ದರು. ಇವಳಿಗೇನು ಬಂತು ಅಂತ ಬೈದುಕೊಂಡೇ ಚಪ್ಪಲಿ ಬಿಟ್ಟು ಬಾಗಿಲಿಗೆ ಕೈ ಚಾಚಿದಳು.

"ನಲ್ಲಿ ಹತ್ರ ಇದ್ದಳು ಅವಳು. ನನ್ನ ನೋಡಿ ಕಿರುಚಿಕೊಂಡು ಓಡಿ ಬಂದಳು. ಹಿಡಿ ಮುಟ್ಟೋಕೆ ನನ್ನ ಕೈಗೆ ಇನ್ನೊಂದು ಗೇಣಿತ್ತು. ಎರಡೂ ಕೈಯಲ್ಲಿ ನನ್ನ ಎದೆಗೆ ಗುದ್ದಿ ಆಚೆ ತಳ್ಳಿದಳು. ಒದ್ದೆ ನೆಲ. ಅವಳು ಜಾರಿ ಬಾಗಿಲ ಮೇಲೆ ಬಿದ್ದಳು."

ಇನ್ಸ್‌ಪೆಕ್ಟರ್ ಬಾಗಿಲ ಕಡೆ ನೋಡಲಿಲ್ಲ.

"ಆಗ ಗೊತ್ತಾಯ್ತು ನನಗೆ. ಅವಳೇ ಮಾಡಿಟ್ಟಿದ್ದಳು ಅಂತ. ನನಗೆ ಒಂದು ಮಾತು ಹೇಳಲಿಲ್ಲ ಅವಳು. ಒಂದೇ ಸೂರಿನ ಕೆಳಗೆ ಮಲಗಿ, ಒಂದೇ ತಟ್ಟೆಯಲ್ಲಿ ತಿಂದು, ಇಷ್ಟು ದೊಡ್ಡದನ್ನ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ನನಗೆ ಹೇಳಿದ್ರೆ ಅವನ ಮೇಲೆ ನಾನೇ ಗಾಡಿ ಹತ್ತಿಸಿ ಮುಗಿಸ್ತಿದ್ದೆ. ಅವಳ ಮುಖ ನೋಡಿದ್ರೆ ಕಪಾಳ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತೆ. ಮುಖವೇ ಇಲ್ಲ ಈಗ."

ಇನ್ಸ್‌ಪೆಕ್ಟರ್‌ಗೆ ದಾರದ ಗಂಟು ಕಣ್ಣ ಮುಂದೆ ಬಂತು. ಬಾಗಿಲು ಮುಟ್ಟಿದರೂ ಸಾಕಾ, ಕಾಲು ಒದ್ದೆಯಿದ್ದರೆ, ಎಷ್ಟು ಹೊತ್ತು ಬೇಕು. ಎಲೆಕ್ಟ್ರಿಷಿಯನ್ ಸತ್ತವಳ ಬಾಯಿಗೆ ಮಾತು ತುರುಕಿರಲಿಲ್ಲ. ಅವನ ಮೇಲೆ ಸುರಿದ ಸಿಟ್ಟೆಲ್ಲ ಈಗ ತಿರುಗಿ ಬಂದು ತನ್ನ ಎದೆಯಲ್ಲೇ ಕೂತಿತು. ಒಬ್ಬ ನಿರಪರಾಧಿಯನ್ನು ಎಲ್ಲರೆದುರು ಜೀಪಿಗೆ ಹತ್ತಿಸಿದ್ದಳು. ಅವನನ್ನು ಇಳಿಸುವುದೂ ಎಲ್ಲರೆದುರೇ ಆಗಬೇಕು. ಅದಕ್ಕಿಂತ ಮುಂಚೆ ಒಂದು ಪ್ರಶ್ನೆ ಉಳಿದಿತ್ತು. ಅಕ್ಕನನ್ನು ದೂರ ಕಳಿಸಿ, ನೆಲ ಒದ್ದೆ ಮಾಡಿ, ಮ್ಯಾಟು ಸುತ್ತಿಟ್ಟು ಟೈಲರಮ್ಮ ಕಾದಿದ್ದಳಲ್ಲ, ಆ ಬಾಗಿಲಿಗೆ ಯಾರು ಬರುತ್ತಾರೆ ಅಂತ ಕಾದಿದ್ದಳು?

ಅದನ್ನೇ ಕೇಳಿದಳು.

"ನಾನು ಎದ್ದು ಕಂಬದ ಹತ್ರ ಓಡಿದೆ, ಸ್ವಿಚ್ ಆಫ್ ಮಾಡೋಕೆ," ಅಂದಳು ಡ್ರೈವರಕ್ಕ. "ಅಷ್ಟರಲ್ಲಿ ಒಂದು ಕೈ ಆಫ್ ಮಾಡಿತ್ತು."

"ಮ್ಯಾನೇಜರಾ?"

"ಅವನು ಬಂದಿದ್ದು ಆಮೇಲೆ, ನಾನೂ ಅಲ್ಲಿಂದ ಸರಿದ ಮೇಲೆ. ಇವನು ಮೊದಲೇ ಬಂದು ಕಂಬದ ಪಕ್ಕ ನಿಂತಿದ್ದ. ಬಾಗಿಲ ಹತ್ರ ಬರದೆ ಅಲ್ಲೇ ನಿಂತು ನೋಡ್ತಿದ್ದ. ಆಫ್ ಮಾಡಿ, ಅವಳನ್ನೊಮ್ಮೆ ನೋಡಿದ. ಆಮೇಲೆ ನನ್ನನ್ನ ಅತ್ತಿಗೇ ಅಂತ ಕರೆದು, ನೆಂಟಸ್ತಿಕೆ ತಮಾಷೆ ಮಾಡುವ ಹಾಗೆ ನಕ್ಕು, ಬೇಲಿ ದಾಟಿ ಹೋದ."

"ಯಾರು?"

"ಅವಳ ಗಂಡ. ಅವನ ಜೊತೆ ಇದ್ದಷ್ಟು ದಿನ ನನ್ನ ತಂಗಿ ತನಗೆ ಉದ್ದ ತೋಳಿನ ಬಟ್ಟೆ ಬಿಟ್ಟು ಬೇರೆ ಹೊಲಿದುಕೊಳ್ಳಲಿಲ್ಲ. ಬೇಸಿಗೆಯಲ್ಲೂ."

ಟೈಲರಮ್ಮನ ಗಂಡ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಹಾಗಂತ ಹೇಳಿಕೆಯಲ್ಲಿ ಬರೆಸಿದ್ದವಳು ಎದುರಿಗೆ ಕೂತಿದ್ದ ಇದೇ ಅಕ್ಕ. ಇನ್ಸ್‌ಪೆಕ್ಟರ್ ಅದನ್ನೇ ಹೇಳಿದಳು, ನೀವೇ ಬರೆಸಿದ್ದೀರಿ ಅಂತ.

ಡ್ರೈವರಕ್ಕ ಮೊದಲ ಸಲ ತಲೆಯೆತ್ತಿ ಆಕೆಯ ಕಣ್ಣಿಗೆ ಕಣ್ಣು ಕೊಟ್ಟಳು.

"ಬರೆಸಿದ್ದು ಮಾತ್ರ ಅಲ್ಲ. ಶವಾಗಾರದಲ್ಲಿ ಯಾರದೋ ಹೆಣದ ಮುಖದ ಮೇಲಿನ ಬಟ್ಟೆ ಸರಿಸಿ, ಗೊತ್ತಿದ್ದೂ ಇದು ಅವನೇ ಅಂತ ಗುರುತು ಹಿಡಿದವಳೂ ನಾನೇ."